ವಯರಿಗೆ ಪರದೆ ಕಟ್ಟಿಸಿದ್ದು

ನಮ್ಮೂರಿನ ಅಂಗಡಿಗಳ ಮೇಲೆ ಹೆಸರಿರುತ್ತದೆ, ಹೊಗಳಿಕೆ ಇರುವುದಿಲ್ಲ. ಬಟ್ಟೆ ಅಂಗಡಿಯ ಬೋರ್ಡಿನಲ್ಲಿ ‘ಬಟ್ಟೆ’ ಎಂದಿರುತ್ತದೆ, ಹೋಟೆಲಿನ ಬೋರ್ಡಿನಲ್ಲಿ ‘ಊಟ, ತಿಂಡಿ’ ಎಂದಿರುತ್ತದೆ. ರುಚಿಯಾದ ಊಟ ಎಂದು ಬರೆಸುವ ಎದೆಗಾರಿಕೆ ಇಲ್ಲಿ ಯಾರಿಗೂ ಇಲ್ಲ. ಮದುವೆ ಮಾತುಕತೆಗೆ ಕೂತವರು ಕೂಡ, ನಮ್ಮ ಹುಡುಗಿ ಅಡುಗೆ ಚೆನ್ನಾಗಿ ಮಾಡ್ತಾಳೆ ಅಂತ ನಮಗನ್ನಿಸುತ್ತೆ ಎನ್ನುತ್ತಾರೆ. ಆ ಕೊನೆಯ ಪದವನ್ನು ಅಪ್ಪಿತಪ್ಪಿಯೂ ನುಂಗುವುದಿಲ್ಲ. ಹೊರಗಿನವರು ಬಂದು, ಎಂಥ ವಿನಯವಂತರಪ್ಪಾ ಈ ಊರಿನ ಜನ ಎಂದು ಮೆಚ್ಚಿಕೊಂಡು ಹೋಗುತ್ತಾರೆ. ವಿನಯವೂ ಇಲ್ಲ, ಮಣ್ಣೂ ಇಲ್ಲ. ಹೆದರಿಕೆ, ಅಷ್ಟೇ.

ಇಲ್ಲಿ ಒಬ್ಬರು, ಇದಕ್ಕೂ ಅದಕ್ಕೂ ವ್ಯತ್ಯಾಸ ಇದೆ, ನನಗೆ ತಿಳಿಯುತ್ತದೆ ಎಂದು ಹಟ ಹಿಡಿದು, ಇನ್ನೊಬ್ಬರು, ಇಲ್ಲವೇ ಇಲ್ಲ ಎಂದು ಎದುರು ನಿಂತರೆ ಚಾವಡಿಯಲ್ಲಿ ಪರದೆ ಕಟ್ಟಬೇಕು. ಪರದೆಯ ಹಿಂದೆ ಎರಡನ್ನೂ ಇಟ್ಟುಕೊಂಡು, ಒಂದು ಬದಿ ಉಜ್ಜಿ ಬಿಳಿ ಮಾಡಿದ ಹುಣಸೆಬೀಜ ಹಾಕಿ, ಅದು ಬಿದ್ದ ಹಾಗೆ ಇದನ್ನೋ ಅದನ್ನೋ ಕೊಡಬೇಕು. ಮುಂದೆ ಕೂತವರು ಯಾವುದೆಂದು ಹೇಳಬೇಕು. ಹತ್ತು ಸಲದಲ್ಲಿ ಒಂಬತ್ತು ಸಲ ಸರಿ ಹೇಳಿದರೆ ಅವರು ಗೆದ್ದರು, ಎದುರು ನಿಂತವರು ಸೋತರು. ಇಲ್ಲದಿದ್ದರೆ ತಿರುಗುಮುರುಗು. ಸೋಲು ಖಚಿತವಾದ ಗಳಿಗೆಯಲ್ಲೇ ಸೋತವರ ದನಿ ಹೋಗುತ್ತದೆ. ಒಂದು ವರ್ಷ ಪೂರ್ತಿ ಕೆಮ್ಮು ಬಿಟ್ಟರೆ ಇನ್ನೇನೂ ಹೊರಡುವುದಿಲ್ಲ. ವರ್ಷ ತುಂಬಿದ ದಿನ ಬೆಳಿಗ್ಗೆ, ಕಾಫಿ ಎಲ್ಲೇ ಎಂದೋ, ಅಯ್ಯೋ ಸೊಂಟ ಎಂದೋ ತಾನಾಗಿ ವಾಪಸು ಬರುತ್ತದೆ. ಎಲ್ಲಿಗೆ ಹೋಗಿತ್ತು ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ನಮ್ಮೂರಿನಲ್ಲಿ ಸ್ಲೇಟು ಮಕ್ಕಳಿಗಿಂತ ದೊಡ್ಡವರಿಗೇ ಹೆಚ್ಚು ಖರ್ಚಾಗುತ್ತದೆ. ತನ್ನ ಬಾವಿಯ ನೀರು ಪಕ್ಕದವರದ್ದಕ್ಕಿಂತ ಸಿಹಿ ಎಂದು ಹೊರಟು ಸೋತವನೊಬ್ಬನಿದ್ದ. ಆ ವರ್ಷ ಅವನ ಹೆಂಡತಿ ಮೈ ಕೈ ತುಂಬಿಕೊಂಡು ಲಕ್ಷಣವಾದಳು.

ನಾನು ಪರದೆ ಶೇಷಪ್ಪ. ನಮ್ಮ ತಾತನ ಕಾಲದಿಂದ ಆ ಕಪ್ಪು ಪರದೆ ನಮ್ಮ ಮನೆಯಲ್ಲಿತ್ತು. ಬೀಜ ಹಾಕುವುದು, ವಸ್ತು ಬದಲಿಸುವುದು, ಬಾಯಿ ಮುಚ್ಚಿಕೊಂಡಿರುವುದು, ಇಷ್ಟೇ ನನ್ನ ಕೆಲಸ. ಪರದೆಯವನು ಗೊತ್ತಿದ್ದೂ ಒಂದು ಕಡೆಗೆ ವಾಲಿದರೆ ಪರದೆಯನ್ನು ಆ ಮನೆಯಿಂದ ಎತ್ತಿಬಿಡುತ್ತಾರೆ. ಆಮೇಲೆ ಆ ಮನೆಯವರ ಮಾತನ್ನು ಊರಿನಲ್ಲಿ ಯಾವುದಕ್ಕೂ ಲೆಕ್ಕಕ್ಕೆ ಇಡುವುದಿಲ್ಲ. ನಾನು ಇಪ್ಪತ್ತಾರು ವರ್ಷದಲ್ಲಿ ತುಪ್ಪಕ್ಕೆ, ಅಕ್ಕಿಗೆ, ಕಾಫಿಪುಡಿಗೆ, ರೇಷ್ಮೆಗೆ ಪರದೆ ಕಟ್ಟಿದ್ದೇನೆ, ಒಂದು ಸಲವೂ ವಾಲಿರಲಿಲ್ಲ. ಆದರೆ ಸದ್ದಿಗೆ ಪರದೆ ಕಟ್ಟು ಎಂದು ಯಾರೂ ಯಾವತ್ತೂ ಕೇಳಿರಲಿಲ್ಲ. ಕೇಳಿದವಳು ನನ್ನ ಹೆಂಡತಿ ವಾರಿಜಾ.

ವಾರಿಜಾ ಬಸ್ ಸ್ಟ್ಯಾಂಡಿನಲ್ಲಿ ಮೈಕು ಹಿಡಿದು ಬಸ್ಸು ಕೂಗುವವಳು. ಅವಳ ದನಿಯೇ ಅವಳ ನೌಕರಿ. ತಾಯಿ ಇಲ್ಲದ ಅವಳನ್ನು ಸಾಕಿದ್ದು ಅಕ್ಕ ಜಲಜಕ್ಕ. ಪರದೆಯವನ ಮನೆಗೆ ಯಾಕೆ ಬೀಳ್ತೀಯೇ, ಆ ಮನೆಯಲ್ಲಿ ನಗುವುದಕ್ಕೂ ಹಿಂದೆ ಮುಂದೆ ನೋಡಬೇಕು ಎಂದು ಜಲಜಕ್ಕ ಅಡ್ಡ ಬಂದಿದ್ದರು. ಇವಳು ಕೇಳಲಿಲ್ಲ. ಅಕ್ಕ ಮಾತು ಬಿಟ್ಟರು. ಹನ್ನೊಂದು ವರ್ಷ ಮಾತು ಬಿಟ್ಟವರು ಹಾಗೆಯೇ ಒಂದು ಜ್ವರದಲ್ಲಿ ತೀರಿಕೊಂಡರು. ಅವರು ಸೊಪ್ಪು ಬಿಡಿಸುತ್ತ ಹಾಡಿಕೊಂಡ ಒಂದು ಹಸೆಹಾಡನ್ನು ಸಂಬಂಧಿಕರೊಬ್ಬರು ರೆಕಾರ್ಡ್ ಮಾಡಿಟ್ಟಿದ್ದರು, ಅದಷ್ಟು ಇವಳ ಪಾಲಿಗೆ ಬಂತು. ಅದನ್ನು ಕೇಳುವುದಕ್ಕೆಂದೇ ಮನೆಯಲ್ಲಿ ಎರಡು ಪೆಟ್ಟಿಗೆ ಕೂಡಿಸಿದೆವು. ಹಾಡನ್ನು ಅಂಕಿಗಳಾಗಿ ಇಟ್ಟುಕೊಂಡಿರುವುದು ಒಂದು, ಆ ಅಂಕಿಗಳನ್ನು ಮತ್ತೆ ಸದ್ದು ಮಾಡಿ ಸ್ಪೀಕರಿಗೆ ಕೊಡುವುದು ಇನ್ನೊಂದು, ನಡುವೆ ಒಂದು ಡಿಜಿಟಲ್ ವಯರು. ಕೂಡಿಸಿಕೊಟ್ಟವರು ರೇಡಿಯೋ ತಿಪ್ಪಯ್ಯನವರು. ಊರಿನ ಎಲ್ಲ ಮನೆಗಳ ರೇಡಿಯೋ, ಟೇಪು, ಸ್ಪೀಕರು ಅವರ ಕೈಯಲ್ಲೇ ಬದುಕಿದ್ದು. ವಾರಿಜಾ ಮೂರು ವರ್ಷ ದಿನಾ ಬೆಳಿಗ್ಗೆ ಡ್ಯೂಟಿಗೆ ಹೊರಡುವ ಮೊದಲು ಆ ಹಾಡು ಕೇಳಿಯೇ ಹೊರಡುತ್ತಿದ್ದಳು.

ಆ ಬೇಸಿಗೆಯಲ್ಲಿ ಹೊರ ಊರಿನ ಮಾರಾಟದವನೊಬ್ಬ ಬಂದ. ಹೊರಗಿನವರಿಗೆ ನಮ್ಮ ಪರದೆ ತಟ್ಟುವುದಿಲ್ಲ, ಅವರು ಬಾಯಿಗೆ ಬಂದದ್ದನ್ನು ಹೇಳಬಹುದು. ಅವನು ಹೆಬ್ಬೆರಳು ದಪ್ಪದ, ನೇಯ್ದ ಬಟ್ಟೆ ಸುತ್ತಿದ ಒಂದು ವಯರನ್ನು ಚೀಲದಿಂದ ತೆಗೆದು ನಮ್ಮ ಮಣೆಯ ಮೇಲಿಟ್ಟ. ಅಂಕಿಗಳು ವಯರಿನಲ್ಲಿ ಸಾಲಾಗಿ ಹೆಜ್ಜೆ ಹಾಕಿಕೊಂಡು ಹೋಗುತ್ತವೆ, ಕಳಪೆ ವಯರಿನಲ್ಲಿ ಆ ಹೆಜ್ಜೆ ನಡುಗುತ್ತದೆ, ಒಂದು ಮುಂಚೆ ಬಿದ್ದರೆ ಒಂದು ತಡವಾಗಿ ಬೀಳುತ್ತದೆ, ಅದಕ್ಕೆ ಜಿಟ್ಟರ್ ಎನ್ನುತ್ತಾರೆ, ಅದರಿಂದ ಹಾಡಿನ ಮೇಲೆ ತೆಳುವಾದ ಮಂಕು ಕವಿಯುತ್ತದೆ ಎಂದು ಕಣ್ಣು ಮಿಟುಕಿಸದೆ ಹೇಳಿದ. ಹಾಕಿಯೂ ತೋರಿಸಿದ. ವಾರಿಜಾ ಕೇಳಿಸಿಕೊಂಡಳು. ಹಾಡು ಮುಗಿದ ಮೇಲೆ ಪಾತ್ರೆ ಸರಿಸುವ ಸದ್ದು ಸ್ವಲ್ಪ ಹೊತ್ತು ಇತ್ತು. ಅಲ್ಲಿ ಅವಳು ಕೈಯಲ್ಲಿದ್ದ ಲೋಟ ಕೆಳಗೆ ಬಿಟ್ಟಳು.

“ಕೇಳಿಸ್ತೇನ್ರೀ? ಅಕ್ಕ ನನ್ನ ಕರೀತಿದ್ದಾಳೆ. ವಾರೀ ಅಂತಿದ್ದಾಳೆ.”

ನನಗೆ ಪಾತ್ರೆ ಸದ್ದು ಮಾತ್ರ ಕೇಳಿಸಿತ್ತು. ಅದನ್ನು ಹೇಳಲು ಬಾಯಿ ಬರಲಿಲ್ಲ. ಮೂರು ವರ್ಷದಲ್ಲಿ ಅವಳು ಅಷ್ಟು ಹಗುರಾದದ್ದನ್ನು ನಾನು ನೋಡಿರಲಿಲ್ಲ. ವಯರು ನಮ್ಮ ಮನೆಯಲ್ಲೇ ಉಳಿಯಿತು, ಮಾರಾಟದವನು ಅವತ್ತೇ ಊರಿನಿಂದ ಕಾಲು ಕಿತ್ತ. ಒಂದು ಸಲ ಹಳೇ ವಯರು ಹಾಕಿ ನೋಡೋಣವಾ, ಅದರಲ್ಲೂ ಇದ್ದರೂ ಇರಬಹುದು ಎಂದು ನಾನು ಮೆಲ್ಲಗೆ ಅಂದೆ. ಅವಳು ನನ್ನನ್ನು ನೋಡಿದ ರೀತಿಗೆ ಇನ್ನೊಂದು ಸಲ ಆ ಮಾತು ಎತ್ತಲಿಲ್ಲ. ಹಾಕಿ ನೋಡಿ, ಸಿಕ್ಕ ಅಕ್ಕ ಮತ್ತೆ ಕರೆಯದೆ ಹೋದರೆ ಎಂಬ ಭಯ ಅವಳಿಗೆ. ಹಳೇ ವಯರಿನಲ್ಲೂ ಆ ಕರೆ ಇದ್ದುಬಿಟ್ಟರೆ ಎಂಬ ಭಯ ಅದಕ್ಕಿಂತ ದೊಡ್ಡದು. ಇದ್ದದ್ದೇ ಆದರೆ ಮೂರು ವರ್ಷದಿಂದ ಅಕ್ಕ ದಿನಾ ಬೆಳಿಗ್ಗೆ ಕರೆದಿದ್ದಾಳೆ, ಇವಳು ಕಿವಿಗೆ ಹಾಕಿಕೊಳ್ಳದೆ ಬಸ್ಸು ಕೂಗಲು ಹೋಗಿದ್ದಾಳೆ ಎಂದಾಗುತ್ತಿತ್ತು.

ಮಾರನೆಯ ದಿನ ಅವಳು ಹಳೇ ವಯರನ್ನು ಸುತ್ತಿಕೊಂಡು ತಿಪ್ಪಯ್ಯನವರ ಅಂಗಡಿಗೆ ಹೋದಳು. ಹಿಂದೆಯೇ ನಾನೂ ಹೋದೆ. ವಯರನ್ನು ಅವರ ಮೇಜಿನ ಮೇಲೆ ಹಾಕಿ, ಇಷ್ಟು ವರ್ಷ ನಮ್ಮ ಅಕ್ಕನ ಬಾಯಿ ಮುಚ್ಚಿಸಿಟ್ಟಿದ್ದೀರಿ, ಊರಿನವರೆಲ್ಲರ ಕಿವಿಗೂ ಅರ್ಧ ಸದ್ದು ಕೊಟ್ಟಿದ್ದೀರಿ ಎಂದಳು. ಅಂಗಡಿಯ ಮುಂದೆ ನಾಲ್ಕು ಜನ ನಿಂತಿದ್ದರು. ತಿಪ್ಪಯ್ಯನವರಿಗೆ ಎಪ್ಪತ್ತು ದಾಟಿತ್ತು, ಸಿಟ್ಟು ಮಾತ್ರ ಇಪ್ಪತ್ತರದ್ದು. ಆದರೂ ತಡೆದುಕೊಂಡು ಬಿಡಿಸಿ ಹೇಳಿದರು. ಅಂಕಿಗಳನ್ನು ಸಾಗಿಸುವುದು ಜನ ಸಾಲಾಗಿ ನಿಂತು ಕೊಡಪಾನ ದಾಟಿಸಿದ ಹಾಗೆ. ಒಬ್ಬನ ಕೈ ನಿಧಾನ, ಒಬ್ಬನ ಕೈ ಚುರುಕು, ಅದು ನಿಜ, ನಡುಕ ಇರುವುದೂ ನಿಜ. ಆದರೆ ಆ ಕೊನೆಯಲ್ಲಿ ಒಂದು ತೊಟ್ಟಿ ಇದೆ, ನೀರು ಅಲ್ಲಿ ತುಂಬಿಕೊಂಡು ನಲ್ಲಿಯಲ್ಲಿ ಒಂದೇ ಸಮ ಬರುತ್ತದೆ. ಆಚೆ ಪೆಟ್ಟಿಗೆ ತನ್ನದೇ ಗಡಿಯಾರ ಇಟ್ಟುಕೊಂಡಿದೆ, ಅದು ವಯರಿನ ನಡುಕವನ್ನು ಸ್ಪೀಕರಿನವರೆಗೂ ಬಿಡುವುದಿಲ್ಲ. ವಯರು ಹಾಳಾದರೆ ಹಾಡು ಕಡಿದು ಕಡಿದು ಬರುತ್ತದೆ, ಪಟಪಟ ಅನ್ನುತ್ತದೆ, ಇಲ್ಲ ನಿಂತೇ ಹೋಗುತ್ತದೆ. ಹಾಡನ್ನು ಬಿಟ್ಟು ನಿಮ್ಮ ಅಕ್ಕನ ಒಂದು ಮಾತನ್ನು ಮಾತ್ರ ಆರಿಸಿ ನುಂಗುವ ವಯರು ಪ್ರಪಂಚದಲ್ಲೇ ಇಲ್ಲ.

“ಆ ಕರೆ ಮೊದಲ್ನಿಂದ್ಲೂ ಅಲ್ಲೇ ಇತ್ತು ತಾಯಿ,” ಎಂದರು ತಿಪ್ಪಯ್ಯನವರು. “ನೀನು ಕೇಳಿಸ್ಕೊಂಡಿರ್ಲಿಲ್ಲ.”

ಬೇರೆ ಏನು ಹೇಳಿದ್ದರೂ ನಡೆಯುತ್ತಿತ್ತು. ಆ ಒಂದು ಮಾತಿಗೆ ವಾರಿಜಾಳ ಮುಖ ಬಿಳುಚಿಕೊಂಡಿತು. ನಾನು ತೋಳು ಹಿಡಿಯುವಷ್ಟರಲ್ಲಿ ಅವಳು ಆಡಬಾರದ್ದನ್ನು ಆಡಿಬಿಟ್ಟಳು. ಎರಡೂ ವಯರಿನ ವ್ಯತ್ಯಾಸ ನನಗೆ ತಿಳಿಯುತ್ತೆ, ಪರದೆ ಕಟ್ಟಿಸಿ ಎಂದಳು. ತಿಪ್ಪಯ್ಯನವರೂ ಸುಮ್ಮನಿರಬಹುದಿತ್ತು. ಕಟ್ಟಲಿ ಎಂದರು. ಅಲ್ಲಿಗೆ ಆಯಿತು. ನಾಲ್ಕು ಜನರ ಮುಂದೆ ಆಡಿದ ಮೇಲೆ ಹಿಂದೆ ಸರಿದವರು ಸೋತ ಹಾಗೆಯೇ.

ಪರೀಕ್ಷೆಗೆ ಎಂಟು ದಿನವಿತ್ತು. ವಾರಿಜಾ ಸೋತರೆ ವರ್ಷ ಪೂರ್ತಿ ಮೈಕಿನ ಮುಂದೆ ಬೇರೊಬ್ಬರು ಕೂರುತ್ತಾರೆ, ವರ್ಷದ ಮೇಲೆ ಇವಳಿಗೆ ಆ ಕುರ್ಚಿ ಬಿಟ್ಟುಕೊಡುತ್ತಾರೆಂದು ಏನು ನಂಬಿಕೆ? ಗೆದ್ದರೆ ತಿಪ್ಪಯ್ಯನವರ ದನಿ ಹೋಗುತ್ತದೆ. ಅವರ ಹೆಂಡತಿ ಚೌಡಮ್ಮನವರಿಗೆ ಕಣ್ಣು ಹೋಗಿ ಆರು ವರ್ಷ. ಮನೆಯಲ್ಲಿ ಇಬ್ಬರೇ. ಎಡಕ್ಕೆ ಬಾ, ಮೆಟ್ಟಿಲಿದೆ, ಒಲೆ ಉರೀತಿದೆ ಎಂದು ತಿಪ್ಪಯ್ಯನವರು ದಿನವಿಡೀ ಹೇಳುತ್ತಿರಬೇಕು, ಆಕೆ ಆ ದನಿ ಹಿಡಿದುಕೊಂಡು ಓಡಾಡಬೇಕು. ಕಣ್ಣಿಲ್ಲದವರಿಗೆ ಸ್ಲೇಟಿನ ಮೇಲೆ ಬರೆದು ತೋರಿಸುವುದು ಹೇಗೆ?

ನಾನು ಒಂದು ಮಧ್ಯಾಹ್ನ ಅವರ ಮನೆಗೆ ಹೋದೆ. ಬೇರೆ ಯಾರಾದರೂ ಪರದೆ ಹಿಡಿಯಲಿ, ನಾನು ಅವಳ ಗಂಡ, ನಾಳೆ ಒಂದು ಮಾತು ಬರಬಾರದು ಎಂದೆ. ತಿಪ್ಪಯ್ಯನವರು ನಕ್ಕುಬಿಟ್ಟರು. ಪರದೆ ದಪ್ಪ ಇದೆಯಲ್ಲಪ್ಪಾ, ಅವಳಿಗೆ ನಿನ್ನ ಮುಖವಾಗಲಿ ಕೈಯಾಗಲಿ ಕಾಣಿಸುತ್ತದಾ, ಮತ್ತೆ ಗಂಡನಾದರೇನು ಭಾವನಾದರೇನು ಎಂದರು. ಪಂಚಾಯಿತಿ ನಡೆಸುವ ಗುರುಶಾಂತಮ್ಮನವರನ್ನು ಕೇಳಿದೆ. ರಿಟೈರಾದ ಹೆಡ್ಮಿಸ್ಟ್ರೆಸ್ಸು, ಅವರೂ ಅದನ್ನೇ ಹೇಳಿದರು. ಮೂರು ತಲೆಮಾರು ತುಪ್ಪ ಅಕ್ಕಿ ನೋಡಿಕೊಂಡು ಬಂದ ಊರು ನಮ್ಮದು. ಕಣ್ಣಿಗೆ ಕಾಣದಂತೆ ಮಾಡಿದರೆ ಮುಗಿಯಿತು ಎಂದು ಎಲ್ಲರಿಗೂ ರೂಢಿಯಾಗಿ ಹೋಗಿತ್ತು. ಬಟ್ಟೆಯ ಆಚೆಗೂ ಸದ್ದು ಹೋಗುತ್ತದೆ ಎಂಬ ಚಿಕ್ಕ ವಿಷಯ ನನಗೂ ಹೊಳೆಯಲಿಲ್ಲ, ಅಷ್ಟು ತಿಳಿದ ತಿಪ್ಪಯ್ಯನವರಿಗೂ ಹೊಳೆಯಲಿಲ್ಲ.

ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಚಾವಡಿ ತುಂಬಿತ್ತು. ಬಸ್ ಸ್ಟ್ಯಾಂಡಿನ ಡ್ರೈವರುಗಳು, ಕಂಡಕ್ಟರುಗಳು ಎಲ್ಲ ಬಂದಿದ್ದರು. ಅವತ್ತು ಯಾವ ಬಸ್ಸು ಎಷ್ಟು ಹೊತ್ತಿಗೆ ಹೊರಟಿತೋ ದೇವರಿಗೇ ಗೊತ್ತು. ಜನರನ್ನು ಹಗ್ಗದ ಆಚೆ ನಿಲ್ಲಿಸಿದ್ದರು. ಪರದೆಗೆ ಎರಡು ಮಾರು ಈಚೆ ವಾರಿಜಾ ಒಂಟಿ ಕುರ್ಚಿಯಲ್ಲಿ ಕೂತಿದ್ದಳು, ಅವಳ ಎರಡು ಪಕ್ಕಕ್ಕೂ ಸ್ಪೀಕರು. ಹಗ್ಗದ ಆಚೆ ಮೊದಲನೆಯ ಸಾಲಿನಲ್ಲಿ ತಿಪ್ಪಯ್ಯನವರು, ಅವರ ತೋಳು ಹಿಡಿದುಕೊಂಡು ಚೌಡಮ್ಮ. ಪಕ್ಕದ ಮೇಜಿನಲ್ಲಿ ಗುರುಶಾಂತಮ್ಮನವರು. ಬೀಜ ಕಪ್ಪು ಬಿದ್ದರೆ ದಪ್ಪ ವಯರು, ಬಿಳಿ ಬಿದ್ದರೆ ನಮ್ಮ ಹಳೇ ತೆಳ್ಳಗಿನದು. ಬಿದ್ದದ್ದನ್ನು ನಾನು ಚೀಟಿಯಲ್ಲಿ ಬರೆದು ಪರದೆಯ ಅಡಿಯಿಂದ ಅವರ ಕಡೆಗೆ ನೂಕಬೇಕು, ಅವಳು ಹೇಳಿದ ಮೇಲೆ ಅವರು ಬಿಡಿಸಿ ಓದಬೇಕು. ಪ್ರತಿ ಸಲವೂ, ಅದೇ ವಯರು ಮತ್ತೆ ಬಂದರೂ ಸರಿ, ಬಿಚ್ಚಿ ಹೊಸದಾಗಿ ಸಿಕ್ಕಿಸಬೇಕು ಎಂದು ಮೊದಲೇ ತೀರ್ಮಾನವಾಗಿತ್ತು.

ನಮ್ಮ ಮನೆಯ ಪೆಟ್ಟಿಗೆಗಳನ್ನು ತಂದು ನೆಲದ ಮೇಲೆ ಒಂದು ಮಣೆಯಲ್ಲಿಟ್ಟಿದ್ದರು. ಮೊದಲ ಸಲ ಬೀಜ ಕಪ್ಪು ಬಿತ್ತು. ಆ ದಪ್ಪ ವಯರೋ, ಬೆತ್ತದ ಹಾಗೆ ಸೆಟೆದುಕೊಂಡಿತ್ತು. ಅದನ್ನು ಬಗ್ಗಿಸಿ ಪೆಟ್ಟಿಗೆಯ ಹಿಂದೆ ತಳ್ಳಬೇಕಾದರೆ ನಾನು ಎಡ ಮಂಡಿ ಊರಲೇಬೇಕು. ಊರಿದೆ, ಮಂಡಿ ಟಕ್ ಎಂದಿತು. ಅದು ಯಾವಾಗಲೂ ಹಾಗೆಯೇ, ಎಂಟು ವರ್ಷದ ಹಳೇ ನೋವು, ವಾರಿಜಾ ವಾರಕ್ಕೆರಡು ಸಲ ಎಣ್ಣೆ ತಿಕ್ಕುತ್ತಿದ್ದಳು. ಹಾಡಿನ ಕೊನೆಯ ಸಾಲು, ಪಾತ್ರೆಯ ಸದ್ದು, ನಿಶ್ಶಬ್ದ. ವಾರಿಜಾ, ದಪ್ಪದ್ದು ಎಂದಳು. ಗುರುಶಾಂತಮ್ಮನವರು ಚೀಟಿ ಬಿಡಿಸಿ, ಸರಿ ಎಂದರು. ಎರಡನೆಯ ಸಲ ಬಿಳಿ. ತೆಳು ವಯರಿಗೆ ಬಗ್ಗಿದರೆ ಸಾಕು. ತೆಳ್ಳಗಿನದು ಎಂದಳು. ಸರಿ. ಮೂರು, ಸರಿ. ನಾಲ್ಕು, ಸರಿ. ಹಗ್ಗದ ಆಚೆ ಗುಜುಗುಜು ಶುರುವಾಯಿತು. ಐದು, ಸರಿ. ಆರು, ಸರಿ.

ನನ್ನ ಕಿವಿಗೆ ಎರಡೂ ವಯರಿನಲ್ಲಿ ಎಳ್ಳಷ್ಟೂ ವ್ಯತ್ಯಾಸ ಸಿಕ್ಕಿರಲಿಲ್ಲ. ಇವಳಿಗೆ ಸಿಗುತ್ತಿದೆಯಲ್ಲ ಎಂದು ಮೈಮೇಲೆ ಮುಳ್ಳೆದ್ದವು. ಹೆಮ್ಮೆಯೂ ಆಯಿತು ಅನ್ನಿ. ನನ್ನ ಹೆಂಡತಿಯ ಕಿವಿ ಎಂಥದ್ದು ನೋಡಿ ಎಂದು ಕೂಗಬೇಕೆನ್ನಿಸಿತು. ಆ ಹೆಮ್ಮೆಯಲ್ಲೇ, ಮಾಡಬಾರದ ಒಂದು ಕೆಲಸ ಮಾಡಿದೆ. ಪರದೆಯಲ್ಲಿ ಸೊಂಟದ ಎತ್ತರಕ್ಕೆ ನುಸಿ ಕೊರೆದ ಒಂದು ತೂತಿತ್ತು. ಏಳನೆಯ ಸಲ ಕಪ್ಪು ಬಿತ್ತು. ಮಂಡಿ ಊರುತ್ತ ಆ ತೂತಿನಿಂದ ಅವಳ ಮುಖ ನೋಡಿದೆ. ಅವಳು ಕಣ್ಣು ಮುಚ್ಚಿ, ಹುಬ್ಬು ಗಂಟು ಹಾಕಿ ಕೂತಿದ್ದಳು. ನನ್ನ ಮಂಡಿ ಟಕ್ ಎಂದಿತು. ಅವಳ ಹುಬ್ಬಿನ ಗಂಟು ಸಡಿಲಿತು, ತುಟಿಯ ಮೇಲೆ ಸಣ್ಣ ನಗು ಬಂತು. ಹಾಡು ಇನ್ನೂ ಶುರುವೇ ಆಗಿರಲಿಲ್ಲ.

ಹಾಡು ಹಚ್ಚಿದೆ, ಮುಗಿಯಿತು. ದಪ್ಪದ್ದು ಎಂದಳು. ಸರಿ ಎಂದರು ಗುರುಶಾಂತಮ್ಮನವರು. ಏಳಕ್ಕೆ ಏಳು. ಡ್ರೈವರುಗಳು ಸಿಳ್ಳೆ ಹಾಕಿದರು.

ಎಂಟನೆಯದು ಬಿಳಿ. ತೆಳು ವಯರನ್ನು ಕೈಯಲ್ಲಿ ಹಿಡಿದುಕೊಂಡು ನಿಂತೆ. ಬಗ್ಗಿದರೆ ಸಾಕಿತ್ತು. ಆದರೆ ನನಗೆ ಖಾತ್ರಿಯಾಗಬೇಕಿತ್ತು. ನಾನು ಅಂದುಕೊಂಡದ್ದು ಸುಳ್ಳಾಗಲಿ, ಇವಳು ನಿಜವಾಗಲೂ ವಯರನ್ನೇ ಕೇಳಿಸಿಕೊಳ್ಳುತ್ತಿರಲಿ ಎಂದು ದೇವರಿಗೆ ಬೇಡಿಕೊಂಡು ಎಡ ಮಂಡಿ ಊರಿದೆ. ಟಕ್. ಹಾಡು ಬಂತು, ಪಾತ್ರೆ ಸದ್ದು ಬಂತು. ವಾರಿಜಾ ತಡಮಾಡದೆ, ದಪ್ಪದ್ದು ಎಂದಳು.

ಗುರುಶಾಂತಮ್ಮನವರು ಚೀಟಿಯನ್ನು ಎರಡು ಸಲ ನೋಡಿ, ತಪ್ಪು ಎಂದರು. ತೂತಿನಿಂದ ನೋಡಿದೆ. ವಾರಿಜಾ ಕಣ್ಣು ಬಿಟ್ಟಿದ್ದಳು. ಸ್ಪೀಕರುಗಳ ಕಡೆ ನೋಡಲಿಲ್ಲ, ಪರದೆಯನ್ನೇ ನೋಡುತ್ತಿದ್ದಳು, ನನ್ನ ಮಂಡಿ ಇದ್ದ ಎತ್ತರಕ್ಕೆ ಸರಿಯಾಗಿ. ಅವಳ ಹಿಂದೆ ತಿಪ್ಪಯ್ಯನವರು ಕಾಣಿಸುತ್ತಿದ್ದರು. ಬೆವರು ಒರೆಸಿಕೊಳ್ಳುತ್ತಿದ್ದರು. ಚೌಡಮ್ಮ ಏನೋ ಕೇಳಿದರು, ಅವರು ಬಗ್ಗಿ ಆಕೆಯ ಕಿವಿಯಲ್ಲಿ ಏನೋ ಹೇಳಿದರು. ಇನ್ನು ಎರಡೂ ಸರಿ ಬಂದರೆ ಮಾತ್ರ ಇವಳ ದನಿ ಉಳಿಯುತ್ತದೆ. ಎರಡೂ ಸರಿ ಬಂದರೆ ಆ ಮುದುಕರದ್ದು ಹೋಗುತ್ತದೆ.

ಒಂಬತ್ತನೆಯದು ಕಪ್ಪು ಬಿತ್ತು. ಅದಕ್ಕೆ ಮಂಡಿ ಊರದೆ ದಾರಿಯೇ ಇರಲಿಲ್ಲ. ಟಕ್ ಎಂದಿತು. ಹಾಡು ಮುಗಿದ ಮೇಲೂ ವಾರಿಜಾ ಪರದೆಯನ್ನೇ ನೋಡುತ್ತಿದ್ದಳು. ಗುರುಶಾಂತಮ್ಮನವರು, ಹೇಳಮ್ಮಾ ಎಂದರು. ಅವಳು ಬಾಯೊಳಗೇ, ದಪ್ಪದ್ದು ಎಂದಳು. ಸರಿ.

ಹತ್ತನೆಯ ಸಲ ಬೀಜ ಹಾಕಿದೆ. ಬಿಳಿ. ಚೀಟಿ ಬರೆದು ನೂಕಿದೆ. ಆಮೇಲೆ ವಯರು ಹಿಡಿದುಕೊಂಡು ಎಷ್ಟು ಹೊತ್ತು ನಿಂತಿದ್ದೆನೋ ತಿಳಿಯದು. ಮಂಡಿ ಊರಿದರೆ ಇವಳು ದಪ್ಪದ್ದು ಎನ್ನುತ್ತಾಳೆ, ಸೋಲುತ್ತಾಳೆ. ನನ್ನ ಕೈಯಾರೆ ನನ್ನ ಹೆಂಡತಿಯ ದನಿ ಕಳೆದ ಹಾಗೆ. ಬಗ್ಗಿದರೆ ಗೆಲ್ಲುತ್ತಾಳೆ, ನಿಜ ಹೇಳಿದ ಮನುಷ್ಯ ಕಣ್ಣಿಲ್ಲದ ಹೆಂಡತಿಯ ಮುಂದೆ ಮೂಕನಾಗುತ್ತಾನೆ. ಪರದೆ ಸರಿಸಿ ಹೊರಗೆ ಬಂದು, ನಿಲ್ಲಿಸಿ ಸ್ವಾಮಿ, ಇಷ್ಟು ಹೊತ್ತು ನನ್ನ ಮಂಡಿ ಹೇಳಿಕೊಡುತ್ತಿತ್ತು ಎನ್ನಬಹುದಿತ್ತು. ಹಾಗೆ ಹೇಳಿದ್ದರೆ ಇಡೀ ಪರೀಕ್ಷೆಯೇ ಕೆಡುತ್ತಿತ್ತು, ಎಂಟನೆಯ ಸಲ ನಾನು ಬೇಕೆಂದೇ ಊರಿದ್ದೂ ಹೊರಗೆ ಬರುತ್ತಿತ್ತು, ಪರದೆ ನಮ್ಮ ಮನೆ ಬಿಡುತ್ತಿತ್ತು. ಇದನ್ನೆಲ್ಲ ಯೋಚಿಸುವಷ್ಟು ಪುರುಸೊತ್ತು ನನಗಿತ್ತು. ಅದನ್ನು ಮುಚ್ಚಿಡುವುದಿಲ್ಲ. ಯೋಚಿಸಿಯೇ ಮಾಡಿದೆ.

ನಾನು ಬಗ್ಗಿದೆ. ಸದ್ದಿಲ್ಲದೆ ಬಗ್ಗಿ ವಯರು ಸಿಕ್ಕಿಸಿದೆ.

ಹಾಡು ಬಂತು. ಜಲಜಕ್ಕನ ದನಿ ಕೊನೆಯ ಸಾಲಿನಲ್ಲಿ ಸ್ವಲ್ಪ ಕೆಳಗಿಳಿದು ನಿಂತಿತು. ಪಾತ್ರೆ ಸರಿಯಿತು. ಜನ ಕತ್ತು ಚಾಚಿದರು. ವಾರಿಜಾ ಕುರ್ಚಿಯಿಂದ ಎದ್ದು ನಿಂತಳು, ಸೆರಗು ಸರಿಮಾಡಿಕೊಂಡಳು, ಗುರುಶಾಂತಮ್ಮನವರ ಕಡೆಗೆ ತಿರುಗಿದಳು. ಬಸ್ಸು ಕೂಗುವಾಗ ಹೇಗೋ ಹಾಗೆ, ಪದ ಪದ ಬಿಡಿಸಿ ಹೇಳಿದಳು.

“ನನಗೆ ವಯರಿನ ವ್ಯತ್ಯಾಸ ಗೊತ್ತಾಗ್ತಿಲ್ಲ. ಎರಡೂ ಒಂದೇ ಥರ ಕೇಳಿಸ್ತವೆ. ಇಷ್ಟು ಹೊತ್ತೂ ನನಗೆ ಕೇಳಿಸ್ತಿದ್ದದ್ದು ನಮ್ಮ ಮನೆಯವರ ಮಂಡಿ. ದಪ್ಪದ್ದು ಹಾಕುವಾಗ ಟಕ್ ಅನ್ನುತ್ತೆ. ನನಗೇ ತಿಳಿಯದೆ ಅದನ್ನೇ ಹೇಳ್ತಾ ಹೋದೆ. ತಿಪ್ಪಯ್ಯನವರು ಹೇಳಿದ್ದೇ ಸರಿ.”

ಗುರುಶಾಂತಮ್ಮನವರು ತಬ್ಬಿಬ್ಬಾದರು. ದಪ್ಪದ್ದೋ ತೆಳ್ಳಗಿನದೋ ಒಂದು ಹೇಳಿಬಿಡಮ್ಮಾ, ಅದು ಬಿಟ್ಟು ಬೇರೆ ಯಾವುದನ್ನೂ ಉತ್ತರ ಅಂತ ತಗೊಳ್ಳೋ ಹಾಗಿಲ್ಲ ಎಂದರು. ವಾರಿಜಾ ತಲೆಯಲ್ಲಾಡಿಸಿದಳು. ಒಂದು ಸಲ ಪರದೆಯ ಕಡೆ ನೋಡಿದಳು.

“ಇವರಿಗೆ ಗೊತ್ತಿರಲಿಲ್ಲ,” ಎಂದಳು. “ಇವರದ್ದೇನೂ ತಪ್ಪಿ…”

ಅಷ್ಟೇ. ತುಟಿ ಆಡುತ್ತಿತ್ತು, ಮಾತಿರಲಿಲ್ಲ. ಅವಳ ಕೈ ತಾನಾಗಿ ಗಂಟಲಿಗೆ ಹೋಯಿತು. ಚೌಡಮ್ಮ, ಏನಾಯ್ತು, ಯಾರದ್ದು ಹೋಯ್ತು ಎಂದು ಗಂಡನನ್ನು ಅಲ್ಲಾಡಿಸಿ ಕೇಳುತ್ತಿದ್ದರು. ತಿಪ್ಪಯ್ಯನವರಿಗೆ ದನಿ ಇತ್ತು. ಹಗ್ಗ ದಾಟಿ ಬಂದು ವಾರಿಜಾಳ ಎದುರು ಕೈಮುಗಿದು ನಿಂತು ಮಗು ಅತ್ತ ಹಾಗೆ ಅತ್ತರು. ಜನ ಪರದೆಯ ಹತ್ತಿರ ಬಂದು ನನ್ನ ಬೆನ್ನು ತಟ್ಟಿ, ನಿನಗೆ ಹೇಗೆ ಗೊತ್ತಾಗಬೇಕು ಶೇಷಪ್ಪ, ವಯಸ್ಸಾದ ಮಂಡಿ, ಏನು ಮಾಡೋಕಾಗುತ್ತೆ ಎಂದು ಸಮಾಧಾನ ಹೇಳಿದರು. ನಾನು ಹೂಂ ಹೂಂ ಎನ್ನುತ್ತ ಪರದೆ ಮಡಿಸಿದೆ.

ವಾರಿಜಾ ನನ್ನ ಕೈಯಿಂದ ತೆಳು ವಯರನ್ನು ತೆಗೆದುಕೊಂಡಳು. ದಾರಿಯುದ್ದಕ್ಕೂ ನನಗಿಂತ ನಾಲ್ಕು ಹೆಜ್ಜೆ ಮುಂದೆ ನಡೆದಳು. ಪೆಟ್ಟಿಗೆ, ಸ್ಪೀಕರುಗಳನ್ನು ಡ್ರೈವರುಗಳು ಮುಂಚೆಯೇ ಮನೆಗೆ ತಲುಪಿಸಿದ್ದರು. ಮನೆಗೆ ಬಂದವಳೇ ಚಪ್ಪಲಿಯನ್ನೂ ಬಿಡದೆ ಆ ವಯರನ್ನೇ ಪೆಟ್ಟಿಗೆಗೆ ಹಾಕಿ ಹಾಡು ಹಚ್ಚಿದಳು. ಸ್ಪೀಕರಿನ ಹತ್ತಿರ ನೆಲದ ಮೇಲೆ ಕೂತಳು. ಹಾಡು ಮುಗಿಯಿತು, ಪಾತ್ರೆ ಸರಿಯಿತು. ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಮತ್ತೆ ಹಚ್ಚಿದಳು, ಮತ್ತೆ ಕೇಳಿದಳು. ಮೂರನೆಯ ಸಲ ನನ್ನ ಕಡೆ ತಿರುಗಿ ಬೆರಳಿನಿಂದ ತನ್ನನ್ನೇ ತೋರಿಸಿಕೊಂಡಳು. ಆ ಕರೆ ಅಲ್ಲೇ ಇತ್ತು ಎಂದು ಅರ್ಥ ಮಾಡಿಕೊಂಡೆ. ಆಮೇಲೆ ಅವಳು ಬಹಳ ಹೊತ್ತು ಅತ್ತಳು. ದನಿಯಿಲ್ಲದ ಅಳು ನೋಡುವುದು ಬಹಳ ಕಷ್ಟ. ಮೂರು ವರ್ಷದ ಬೆಳಗುಗಳನ್ನೆಲ್ಲ ಒಟ್ಟಿಗೆ ಅಳುತ್ತಿದ್ದಳು ಎಂದು ನನಗನ್ನಿಸಿತು. ನೀರು ತಂದುಕೊಟ್ಟೆ, ಕುಡಿದಳು.

ಸಂಜೆ ನಾಲ್ಕರ ಹೊತ್ತಿಗೆ ನಾನು ಪೇಟೆಗೆ ಹೋಗಿ ಒಂದು ಸ್ಲೇಟು, ಬಳಪದ ಡಬ್ಬಿ ತಂದೆ. ಅವಳು ಅಡುಗೆಮನೆಯ ಹೊಸ್ತಿಲಲ್ಲಿ ಕೂತಿದ್ದಳು. ಸ್ಲೇಟನ್ನು ತೊಡೆಯ ಮೇಲಿಟ್ಟುಕೊಂಡು, ಅಂಗೈಯಿಂದ ಧೂಳು ಒರೆಸಿ, ಮೊದಲನೆಯ ಸಲ ಬರೆದಳು. ಅನ್ನಕ್ಕಿಡಲಾ ಎಂದೋ, ತಲೆ ನೋಯುತ್ತಿದೆ ಎಂದೋ ಇರಬಹುದೆಂದು ಬಗ್ಗಿ ನೋಡಿದೆ.

‘ಹತ್ತನೇ ಸಲ ನಿಮಗೆ ಗೊತ್ತಿತ್ತು.’

ಇಲ್ಲ ಎನ್ನಬಹುದಿತ್ತು, ಅವಳು ತಿರುಗಿ ವಾದಿಸುವ ಹಾಗಿರಲಿಲ್ಲ. ಹೂಂ ಎಂದೆ. ನಿನಗೋಸ್ಕರ ಮಾಡಿದೆ ಕಣೇ ಎಂದೆ. ಅವಳು ತಲೆ ಎತ್ತಲಿಲ್ಲ. ಬರೆದದ್ದನ್ನು ಒರೆಸಿ ಮತ್ತೆ ಬರೆದಳು.

‘ನೀವು ಎಂಟನೇ ಸಲದ ಹಾಗೆ ಮಂಡಿ ಊರಿದ್ದರೆ ನಾನು ಸುಮ್ಮನೆ ಸೋಲುತ್ತಿದ್ದೆ. ಊರಲಿಲ್ಲ. ಅದಕ್ಕೆ ಅಷ್ಟು ಜನರ ಮುಂದೆ ನಿಮ್ಮ ಪರವಾಗಿ ಸುಳ್ಳು ಹೇಳಬೇಕಾಯಿತು.’

ಓದಿ ಮುಗಿಸುವ ತನಕ ಹಿಡಿದುಕೊಂಡಿದ್ದು, ಅದನ್ನೂ ಒರೆಸಿದಳು. ಮೂರನೆಯದನ್ನು ಬರೆಯುವಾಗ ಬಳಪ ಮುರಿಯಿತು. ಚೂರಿನಿಂದಲೇ ಬರೆದು ಸ್ಲೇಟನ್ನು ನನ್ನ ಕೈಗೆ ಕೊಟ್ಟಳು.

‘ತಿಪ್ಪಯ್ಯನವರಿಗೆ ಹೇಳಿ ಬನ್ನಿ.’

ಹೇಳಿದರೆ ಪರದೆ ಹೋಗುತ್ತದೆ, ನಾಳೆಯಿಂದ ನನ್ನ ಮಾತಿಗೆ ಈ ಊರಿನಲ್ಲಿ ಮೂರು ಕಾಸಿನ ಬೆಲೆ ಇರುವುದಿಲ್ಲ, ನಿನಗೂ ದನಿ ಇಲ್ಲ, ಇಬ್ಬರೂ ಇದ್ದೂ ಇಲ್ಲದ ಹಾಗಾಗುತ್ತೇವೆ ಎಂದೆಲ್ಲ ಹೇಳಿದೆ. ಅವಳು ಎದ್ದು ಒಳಗೆ ಹೋಗಿ ಅಕ್ಕಿ ತೊಳೆಯಲು ಕೂತಳು. ಆಮೇಲೆ ಗೂಟದ ಮೇಲಿದ್ದ ಪರದೆಯನ್ನು ತೆಗೆದು ಕಂಕುಳಲ್ಲಿಟ್ಟುಕೊಂಡು ಹೊರಟೆ.

ತಿಪ್ಪಯ್ಯನವರ ಮನೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಅವರ ದನಿ ಕೇಳಿಸುತ್ತಿತ್ತು. ಇನ್ನೆರಡು ಹೆಜ್ಜೆ, ಬಲಕ್ಕೆ ಬಾ, ಹಾಂ, ಅಲ್ಲೇ ಕೂತ್ಕೋ ಎನ್ನುತ್ತಿದ್ದರು. ನಾನು ಬಾಗಿಲು ತಟ್ಟಿದೆ. ಚೌಡಮ್ಮ ಒಳಗಿನಿಂದ, ಯಾರಪ್ಪಾ ಅದು ಎಂದು ಕೇಳಿದರು.

ನಾನು ಹೆಸರು ಹೇಳಿದೆ. ಆಮೇಲೆ ಉಳಿದದ್ದನ್ನೂ ಹೇಳಿದೆ.